ಪೋಸ್ಟರಿನಲ್ಲಿ ನಿಂತವಳು

"ಅದನ್ನ ತೆಗೀರಿ," ಎಂದರು ಮ್ಯಾನೇಜರ್, ಅಕ್ಕನ ತಲೆಯತ್ತ ಬೆರಳು ತೋರಿಸಿ.

ಬಟ್ಟೆ ಅಂಗಡಿಯ ಪರದೆ ವಿಭಾಗ ನೋಡಿಕೊಳ್ಳುವ ಅವಳು ಎಲ್ಲರಿಗೂ ಅಕ್ಕನೇ. ತನ್ನ ಕಿವಿಯೂ ಕೆಟ್ಟಿತೇ ಎಂದುಕೊಂಡಳು. ಎದೆಯ ಕ್ಯಾನ್ಸರಿಗೆ ಕೀಮೋ ಶುರುವಾದ ಮೇಲೆ ನಾಲಿಗೆ ಕೆಟ್ಟಿತ್ತು, ಹೊಟ್ಟೆ ಕೆಟ್ಟಿತ್ತು, ಉಗುರು ಕಪ್ಪಿಟ್ಟಿತ್ತು. ನಾನೊಂದೇ ಯಾಕೆ ಹಿಂದುಳಿಯಲಿ ಎಂದು ಕಿವಿಯೂ ಹೊರಟಿತೋ ಏನೋ. ಹೋದ ತಿಂಗಳು ಬೋಳುತಲೆಗೆ ಸ್ಕಾರ್ಫ್ ಸುತ್ತಿಕೊಂಡು ಬಂದಾಗ, "ಗಿರಾಕಿಗಳಿಗೆ ಮುಜುಗರ ಆಗುತ್ತಮ್ಮ, ಒಂದು ವಿಗ್ ಹಾಕ್ಕೊಳ್ಳಿ" ಎಂದವರು ಇದೇ ಮ್ಯಾನೇಜರ್. ಅಂದಿನಿಂದ ಆ ವಿಗ್ಗು ನೆತ್ತಿಯ ಮೇಲೆ ಕಂಬಳಿಹುಳ ಕೂತ ಹಾಗೆ ತುರಿಸುತ್ತಿತ್ತು.

"ನೀವೇ ಹಾಕ್ಕೊಳ್ಳಿ ಅಂದ್ರಲ್ಲ ಸಾರ್?"

"ಅದು ವ್ಯಾಪಾರದ ದಿನಕ್ಕೆ. ಇವತ್ತು ಜಾಗೃತಿ ದಿನ. ಕೂದಲು ಹಾಗೇ ಇದ್ರೆ ನಿಮಗೆ ಕ್ಯಾನ್ಸರ್ ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು ಹೇಳಿ?"

ಎದೆಯ ಕ್ಯಾನ್ಸರ್ ಜಾಗೃತಿಯ ಬಣ್ಣ ಗುಲಾಬಿಯಂತೆ; ಅಂಗಡಿಯ ತುಂಬ ಗುಲಾಬಿ ಬಲೂನು ಕಟ್ಟಿದ್ದರು. ಗಾಜಿನೊಳಗೆ ನಿಂತ ಗೊಂಬೆಗಳ ಎದೆಗೂ ಒಂದೊಂದು ಗುಲಾಬಿ ರಿಬ್ಬನ್. ಯಾರೂ ಕೊಳ್ಳದೆ ವರ್ಷವಿಡೀ ಗೋದಾಮಿನಲ್ಲಿ ಬಿದ್ದಿದ್ದ ಗುಲಾಬಿ ಪರದೆಗಳು ಮುಂಬಾಗಿಲಿಗೇ ಬಂದಿದ್ದವು. ಇಷ್ಟಕ್ಕೆಲ್ಲ ಅಕ್ಕ ಹೂಂ ಅಂದಿದ್ದು ಒಂದು ಸ್ಟೂಲಿನ ಆಸೆಗೆ. ಅಂಗಾಲುಗಳಲ್ಲಿ ಒಮ್ಮೆ ಜೋಮು, ಒಮ್ಮೆ ಉರಿ. ನೆಲದ ಮೇಲೆ ನಿಂತಿದ್ದಾಳೋ ಕೆಂಡದ ಮೇಲೋ ತಿಳಿಯುತ್ತಿರಲಿಲ್ಲ. ಬೆರಳ ತುದಿಗಳೂ ಸತ್ತಿದ್ದವು. ಕಣ್ಣು ಮುಚ್ಚಿ ಮುಟ್ಟಿದರೂ ಹತ್ತಿ ಯಾವುದು ಪಾಲಿಯೆಸ್ಟರ್ ಯಾವುದು ಎನ್ನುತ್ತಿದ್ದವಳು ಈಗ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಬೇಕಿತ್ತು. ಅದೇನೋ ಹೊಸ ವಿದ್ಯೆ ಎಂದುಕೊಂಡು ಗಿರಾಕಿಗಳೂ ಕೆನ್ನೆಗೊತ್ತಿಕೊಂಡು ತಲೆದೂಗುತ್ತಿದ್ದರು. ಆದರೆ ಕೂರುವಂತಿರಲಿಲ್ಲ. 'ಮಾರುವವರು ಕೂತರೆ ವ್ಯಾಪಾರವೂ ಕೂರುತ್ತೆ' ಎನ್ನುವುದು ಮ್ಯಾನೇಜರರ ವೇದವಾಕ್ಯ. "ಕಾರ್ಯಕ್ರಮ ಚೆನ್ನಾಗಿ ಆಗ್ಲಿ, ಸ್ಟೂಲ್ ವಿಚಾರ ಆಮೇಲೆ ನೋಡೋಣ," ಎಂದು ಅವರು ಮೂಗಿಗೆ ತುಪ್ಪ ಸವರಿದ್ದರು.

ಅಕ್ಕ ವಿಗ್ ಕಿತ್ತು ಪಕ್ಕದ ಹಾಸಿಗೆ-ಹೊದಿಕೆ ವಿಭಾಗದವಳ ಕೈಗಿಟ್ಟಳು. ಬಾಯಿಗೆ ಬಿಡುವಿಲ್ಲದ ಅವಳಿಗೆ ಅಂಗಡಿಯಲ್ಲಿ ರೇಡಿಯೋ ಎಂದೇ ಹೆಸರು.

"ಬೇಡ ಅಂದ್ರೆ ಬೇಡ ಅನ್ನಕ್ಕ," ಎಂದಳು ರೇಡಿಯೋ. "ತಲೆ ನಿಂದು, ಇವರಪ್ಪಂದಲ್ಲ."

"ತಲೆ ನಂದೇ ಕಣೇ. ಕಾಲೂ ನಂದೇ. ಈಗ ಕಾಲಿನ ಮಾತು ಕೇಳ್ತಿದೀನಿ."

ಫೋಟೋದವನು ಅವಳನ್ನು ಗುಲಾಬಿ ಪರದೆಯ ಮುಂದೆ ನಿಲ್ಲಿಸಿ, "ಮುಷ್ಟಿ ಮೇಲೆತ್ತಿ, ನಗಿ, ಇನ್ನೂ ನಗಿ" ಎಂದು ಹಿಂಡಿ ಹಿಪ್ಪೆ ಮಾಡಿದ. ಆಮೇಲೆ ಮ್ಯಾನೇಜರ್ ಮೈಕ್ ಕೊಟ್ಟರು. 'ಕ್ಯಾನ್ಸರ್ ನನಗೊಂದು ವರ, ಅದೇ ನನ್ನ ಸ್ಫೂರ್ತಿ' ಎಂದು ಬೆಳಗಿನಿಂದ ಅವಳಿಗೆ ಬಾಯಿಪಾಠ ಮಾಡಿಸಿದ್ದರು. ಅಕ್ಕ ಮಾತು ಹೊರಡಿಸಿದ್ದೇ ತಡ, ನಾಲಿಗೆಯ ಹುಣ್ಣು ಹಲ್ಲಿಗೆ ತಗುಲಿ ಜೀವ ಹೋದಂತಾಯಿತು.

"ತಪ್ಪು ತಿಳ್ಕೋಬೇಡಿ, ಬಾಯೆಲ್ಲ ಹುಣ್ಣು," ಎಂದಳು. "ನೀರು ಕುಡಿದ್ರೂ ತುಕ್ಕು ಕಬ್ಬಿಣ ನೆಕ್ಕಿದ ಹಾಗಿರುತ್ತೆ. ಒಂದಿನ ವಾಂತಿ ನಿಲ್ಲಲ್ಲ, ಇನ್ನೊಂದಿನ ಕಕ್ಕಸಿಗೆ ಹೋದ್ರೆ ಗಂಟೆಗಟ್ಟಲೆ ಕೂತ್ರೂ..."

ಮ್ಯಾನೇಜರ್ ಜೋರಾಗಿ ಕೆಮ್ಮಿದರು. "ಸ್ಫೂರ್ತಿ, ಸ್ಫೂರ್ತಿ!" ಎಂದು ಹಿಂದಿನಿಂದ ಪಿಸುಗುಟ್ಟಿದರು.

"ಅಲ್ಲಿಗೇ ಬರ್ತಿದೀನಿ ಸಾರ್," ಎಂದಳು ಅಕ್ಕ, ಮೈಕಿನಲ್ಲೇ. "ಕೂತ್ಕೊಳ್ಳೋಕೆ ಒಂದು ಸ್ಟೂಲ್ ಕೇಳಿದೀನಿ. ನಮ್ಮ ಮ್ಯಾನೇಜರು ದೊಡ್ಡ ಮನಸ್ಸಿನೋರು, ಇವತ್ತೇ ಕೊಡ್ತಾರೆ. ನನಗೆ ಅದೇ ಸ್ಫೂರ್ತಿ."

ರೇಡಿಯೋ ಬಗಲಲ್ಲಿ ವಿಗ್ ಸಿಕ್ಕಿಸಿಕೊಂಡು ಚಪ್ಪಾಳೆ ಶುರುಮಾಡಿದಳು. ಗಿರಾಕಿಗಳೂ ಕೈ ಕೂಡಿಸಿದರು. ಬಿಸಿತುಪ್ಪ ಬಾಯಿಗೆ ಬಿದ್ದವರ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ಮ್ಯಾನೇಜರ್ ಕೈ ಮುಗಿದರು. "ಕೊಟ್ಟಿದ್ದೀವಿ," ಎಂದರು. ಸಂಜೆಯೊಳಗೆ ಸ್ಟೂಲ್ ಬಂತು. ಅದರ ಕಾಲಿಗೂ ಗುಲಾಬಿ ರಿಬ್ಬನ್ ಕಟ್ಟಿದ್ದರು.

ಮುಂದಿನ ವಾರ ಪರದೆ ವಿಭಾಗದ ಗೋಡೆಗೆ ಆಳೆತ್ತರದ ಪೋಸ್ಟರ್ ಏರಿತು. ಅದರಲ್ಲಿ ಅಕ್ಕನ ಬೋಳುತಲೆ ಹುಣಸೆಹಣ್ಣು ಹಾಕಿ ತಿಕ್ಕಿದ ಚೆಂಬಿನ ಹಾಗೆ ಹೊಳೆಯುತ್ತಿತ್ತು. ಕಣ್ಣ ಕೆಳಗಿನ ಕಪ್ಪು ಮಾಯವಾಗಿತ್ತು. ಉದುರಿಹೋಗಿದ್ದ ಹುಬ್ಬುಗಳು ಬಿಲ್ಲಿನ ಹಾಗೆ ಬಾಗಿಕೊಂಡು ಮರಳಿದ್ದವು, ಕೆನ್ನೆಗೆ ಮದುವಣಗಿತ್ತಿಯ ಕೆಂಪು ಬಂದಿತ್ತು. ಕೆಳಗೆ, ಅವಳು ಆಡದೇ ಬಿಟ್ಟ ಮಾತು: 'ಕ್ಯಾನ್ಸರ್ ನನಗೊಂದು ವರ.' ಅದರ ಕೆಳಗೆ, ಇನ್ನೂ ದಪ್ಪ ಅಕ್ಷರದಲ್ಲಿ: 'ಗುಲಾಬಿ ಪರದೆಗಳಿಗೆ ವಿಶೇಷ ರಿಯಾಯಿತಿ.' ಜಾಗೃತಿ ಮುಗಿದಿದ್ದರಿಂದ ಅಕ್ಕನ ತಲೆಗೆ ವಿಗ್ಗು ಮರಳಿತ್ತು.

ಮಧ್ಯಾಹ್ನ ಒಬ್ಬ ದಪ್ಪನೆಯ ಹೆಂಗಸು ಬಂದು ಪೋಸ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಅದರ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದ ಅಕ್ಕನತ್ತ ತಿರುಗಿದಳು.

"ಗಿರಾಕಿ ನಿಂತಿರುವಾಗ ನೀವು ಕೂತಿದ್ದೀರಲ್ಲಮ್ಮ! ನಿಮಗೇನು ದಾಡಿ? ಅವಳನ್ನ ನೋಡಿ ಕಲೀರಿ. ಅಂಥ ಕಾಯಿಲೆ ಇಟ್ಕೊಂಡೂ ಹೇಗೆ ನಿಂತಿದ್ದಾಳೆ, ಮುಖದಲ್ಲಿ ಎಂಥ ನಗು!"

'ಅದು ನಾನೇ' ಎನ್ನಲು ಅಕ್ಕ ಬಾಯಿ ತೆರೆದಳು. ಹಾಗಂದರೆ ಎದ್ದು ನಿಲ್ಲಬೇಕಾಗುತ್ತದೆ, ನಗಲೂಬೇಕಾಗುತ್ತದೆ ಎಂದು ಹೊಳೆಯಿತು.

"ಅವಳ ವಿಷಯ ಬೇರೆ ಬಿಡಿಯಮ್ಮ," ಎಂದಳು, ಕೂತಲ್ಲಿಂದಲೇ. "ಅವಳಿಗೆ ಕಾಲು ನೋಯಲ್ಲ."