ಕಪಾಟಿನ ಖಾಲಿ ಜಾಗ

ಫೋಟೋದ ಗಾಜಿನ ಮೇಲೆ ಸುಮಿಯೆಯ ಬೆರಳು ನಿಂತುಬಿಟ್ಟಿತು. ಒಸಾಕಾದ ಆ ಮರದಲ್ಲಿ ಕಟ್ಟಿದ ಬಾರುಗಳ ಬೀದಿ ಸುಟ್ಟುಹೋಗಿ, ಅದೇ ಜಾಗದಲ್ಲಿ ಎದ್ದ ಬಹುಮಹಡಿ ಗೋಪುರದ ಗೋಡೆಗೆ ಬೀದಿಯ ಕೊನೆಯ ಚಿತ್ರಗಳನ್ನು ತೂಗುಹಾಕಿದ್ದರು. ಇದು ಅವಳದೇ ಬಾರು. ಕಪಾಟಿನ ತುಂಬ ಮತ್ತೆ ಬಂದಾಗ ಕುಡಿಯಲೆಂದು ಗಿರಾಕಿಗಳು ಕೊಂಡು ಅಲ್ಲೇ ಬಿಟ್ಟಿದ್ದ ವಿಸ್ಕಿ ಬಾಟಲಿಗಳು. ಒಂದೊಂದರ ಕೊರಳಿಗೂ ಅವಳೇ ಬರೆದು ಕಟ್ಟಿದ ಹೆಸರಿನ ಚೀಟಿ. ನಡುವೆ ಒಂದು ಜಾಗ ಮಾತ್ರ ಖಾಲಿ.

"ಇದ್ಯಾವತ್ತು ತೆಗೆದಿದ್ದೇ?"

"ಬೆಂಕಿ ಬಿದ್ದ ದಿನಾನೇ ಅಕ್ಕಾ," ಅಂದಳು ಫೋಟೋ ತೆಗೆದ ನಗಿಸಾ. "ನೀವು ಬಾರಿಗೆ ರಜಾ ಹಾಕಿದ್ರಲ್ಲ, ಸಂಜೆ ಹೊರಗಡೆ ನಿಂತು ಕಿಟಕಿಯಿಂದ ತೆಗೆದೆ. ಯಾಕೆ, ಯಾವ ಕುಡುಕಂದು ಮುಗಿದಿತ್ತು?"

"ಮುಗಿದಿದ್ರೆ ಹೊಸದು ಇಟ್ಟಿರ್ತಿದ್ದೆ. ಇಟ್ಟ ಬಾಟ್ಲಿನ ಯಾರೂ ಮನೆಗೆ ಒಯ್ಯಲ್ಲ ಕಣೇ."

ಅದು ಕುರೊಸೆಯ ಬಾಟಲಿಯ ಜಾಗ. ಹಿಂದಿನ ರಾತ್ರಿ ಅವಳು ಬೀಗ ಹಾಕುವಾಗ ಅದು ಅಲ್ಲೇ ಇತ್ತು. ಆಗ ಬೀದಿಗೆಲ್ಲ ಮಾಲೀಕ, ಪ್ರತಿ ಬಾರಿನ ಇನ್ನೊಂದು ಬೀಗದ ಕೈ ಅವನ ಬಳಿ; ಈಗ ಗೋಪುರಕ್ಕೂ ಅವನೇ. 'ನನ್ನ ಬಾಟ್ಲಿನೂ ಸುಟ್ಟೋಯ್ತಲ್ಲಮ್ಮಾ' ಎಂದು ಬೂದಿಯಲ್ಲಿ ನಿಂತು ಅವಳ ಕೈ ಹಿಡಿದು ಅತ್ತವನು.

ಬೆನ್ನ ಹಿಂದೆ ಯಾರೋ ಕೆಮ್ಮಿದರು. ಕುರೊಸೆಯೇ. ಅವಳ ಬೆರಳು ಎಲ್ಲಿದೆಯೆಂದು ನೋಡಿದ. ಮುಖದ ನಗು ಕದಲಲಿಲ್ಲ.

"ಈಗ ಎಲ್ಲಿದೀರಿ ಅಮ್ಮಾವ್ರೇ?" ಎಂದು ಅಕ್ಕರೆಯಿಂದ ಕೇಳಿದ. "ಅದೂ ಮರದ ಮನೆನೇನಾ?"