ಯಾರ ಮನೆ ರಕ್ತ

ಫಿಟ್ಸ್ ನಿಂತಮೇಲೂ ದೀಪುವಿನ ಮುಷ್ಟಿಯೊಳಗಿಂದ ಬೀಗದ ಕೈ ಬಿಡಿಸಿಕೊಳ್ಳಲು ಅಜ್ಜಿ ಮುನಿಯಮ್ಮನಿಗೆ ಧೈರ್ಯ ಬರಲಿಲ್ಲ. ಮಕ್ಕಳ ಫಿಟ್ಸ್ ವಂಶದಲ್ಲಿ ಹೇಗೆ ಬರುತ್ತದೆಂಬ ಸಂಶೋಧನೆಗೆ ವಿರೂಪಾಕ್ಷಿಪುರಕ್ಕೆ ಬಂದಿದ್ದ ಡಾಕ್ಟರಮ್ಮ, ಮಗುವಿನ ರಕ್ತ ತೆಗೆದುಕೊಂಡು ಅಪ್ಪನ ಕಡೆ ತಿರುಗಿದರು. ಬಾಲರಾಜು ಇನ್ನೂ ಹಾರೋಹಳ್ಳಿ ಫ್ಯಾಕ್ಟರಿಯ ಯೂನಿಫಾರಂನಲ್ಲೇ ಇದ್ದ.

"ನನ್ ಮಗನ್ನ ಬುಟ್ಬುಡಿ!" ಮುನಿಯಮ್ಮ ಅಡ್ಡ ಬಂದಳು. "ನಮ್ಮನೇಲಿ ಈ ಕಾಯ್ಲೆ ಯಾರ್ಗೂ ಇಲ್ಲ. ಬಂದಿರೋದು ಇವಳ ಮನೆಯಿಂದ. ಇವಳ್ದೇ ತಗಳಿ."

ಸೊಸೆ ಲತಾಮಣಿ ಆಗಲೇ ತೋಳು ಚಾಚಿ ಕೂತಿದ್ದಳು. ದೀಪುವಿಗೆ ಮೊದಲ ಸಲ ಫಿಟ್ಸ್ ಬಂದಾಗಿನಿಂದ ಇದೇ ಮಾತು ಕೇಳಿ ಅವಳ ಮುಖ ಕಲ್ಲಾಗಿತ್ತು.

"ನಿಮ್ಮ ತಾಯಿ ಯಾವ ಮನೆಯವರಮ್ಮ?" ಡಾಕ್ಟರಮ್ಮ ಕೇಳಿದರು.

"ಇದೇ ಮನೆಯೋರು," ಲತಾಮಣಿ ತಲೆಯೆತ್ತಿದಳು. "ಈ ಅಜ್ಜಿ ಹೆತ್ತ ಹಿರೀಮಗಳು. ನನ್ನನ್ನ ಸೋದರಮಾವಂಗೇ ಕೊಟ್ಟವ್ರೆ."

ಮುನಿಯಮ್ಮ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಬೀಗದ ಕೈ ಹಿಡಿದೇ ಮಲಗಿದ್ದ ಮಗುವನ್ನು ನೋಡಿದಳು. ಆಮೇಲೆ ರವಿಕೆಯ ತೋಳು ಮೇಲೇರಿಸಿ, ಲತಾಮಣಿಯ ತೋಳಿನ ಪಕ್ಕಕ್ಕೆ ತನ್ನದನ್ನು ಚಾಚಿದಳು.

"ಮೊದ್ಲು ನಂದು ತಗಳವ್ವಾ."