ಹೆಸರು ಹೇಳದೆ ಬಿಟ್ಟ ನಾಯಿ

ಮೊಲ ಎದ್ದದ್ದೇ ತಡ, ಮೊದಲ ಸಲ ಬೇಟೆಗೆ ಬಂದಿದ್ದ ನುವೈರ್ ಕೈಯಲ್ಲಿದ್ದ ಹಗ್ಗ ಬಿಟ್ಟುಬಿಟ್ಟಳು. ಬೇಟೆನಾಯಿ ಬರ್ಕಾ ಹಮಾದ್ ಮರುಭೂಮಿಯ ಕರಿಗಲ್ಲುಗಳ ಮೇಲೆ ಹಾರಿಹೋದ ಮೇಲಷ್ಟೇ ಹುಡುಗಿಗೆ, ಬಿಡುವಾಗ ಹೇಳಬೇಕಿದ್ದ ದೇವರ ಹೆಸರು ನೆನಪಾಯಿತು.

“ಬಿಡೋವಾಗ ಬಿಸ್ಮಿಲ್ಲಾ ಅಂದ್ಯೇನೇ?” ಅಪ್ಪ ಕೇಳಿದ.

“ಇಲ್ಲಪ್ಪ, ಮರ್ತೆ.”

ಅಣ್ಣ ಸತ್ತಾಮ್ ನಕ್ಕ. “ಇವ್ಳ ಕೈಗೆ ನಾಯಿ ಕೊಡ್ಬೇಡ ಅಂದಿದ್ದೆ. ಇನ್ನು ಆ ಮೊಲಾನ ನಾಯಿನೇ ತಿನ್ಲಿ. ನೀನು ಹೋಗಿ ರೊಟ್ಟಿ ತಟ್ಟು.”

“ಜೀವ ಇರೋವಾಗ್ಲೇ ಹೆಸರು ಹೇಳಿ ಕೊಯ್ದ್ರೆ ನಾವೂ ತಿನ್ಬಹುದು,” ಎಂದು ಅಪ್ಪ ಸೊಂಟದ ಚಾಕು ಚಾಚಿದ. “ಅದಕ್ಕೆ ಮೊದ್ಲೇ ಸತ್ರೆ ನಿನ್ನ ಬೇಟೆ ಇವತ್ತಿಗೇ ಮುಗೀತು. ಓಡು!”

ಅವಳು ಓಡಿದಳು, ಬಿದ್ದು ಮೊಣಕಾಲು ಒಡೆದುಕೊಂಡು ಮತ್ತೆ ಓಡಿದಳು. ಬರ್ಕಾಳ ಬಾಯಲ್ಲಿ ಮೊಲ ಎಳೆಗೂಸಿನ ಹಾಗೆ ಕಿರುಚುತ್ತಿತ್ತು. ಪಕ್ಕೆ ಹರಿದಿತ್ತು. ನುವೈರ್ ಅದನ್ನು ಕಿತ್ತುಕೊಂಡು ಮೊಣಕಾಲ ಕೆಳಗೆ ಒತ್ತಿ ಹಿಡಿದಳು. ಹಿಂಗಾಲಿನ ಉಗುರು ಅವಳ ಮುಂಗೈ ಸೀಳಿತು. “ಬಿಸ್ಮಿಲ್ಲಾ!” ಎಂದು ಕೂಗಿ ಚಾಕು ಎಳೆದರೆ ತುಪ್ಪಳವಷ್ಟೇ ಕತ್ತರಿಸಿತು. ಹಲ್ಲು ಕಚ್ಚಿ, ಕಣ್ಣು ಮುಚ್ಚದೆ, ಇನ್ನೊಮ್ಮೆ ಒತ್ತಿ ಎಳೆದಳು. ಬಿಸಿ ನೆತ್ತರು ಮುಖಕ್ಕೆ ಚಿಮ್ಮಿತು. ಕಿರುಚಾಟ ನಿಂತಿತು.

ಅಪ್ಪ ಬಂದು ಮೊಲದ ಕೊರಳು ತಿರುಗಿಸಿ ನೋಡಿ “ಹಲಾಲ್” ಎಂದ.

“ಮುಖ ಒರೆಸ್ಕೊಳ್ಳೇ, ದೆವ್ವದ ಹಾಗೆ ಕಾಣ್ತೀಯ,” ಎಂದು ಸತ್ತಾಮ್ ತನ್ನ ತಲೆವಸ್ತ್ರದ ಅಂಚು ಚಾಚಿದ.

ಅವಳಿಗೆ ಅದು ಕೇಳಿಸಲೇ ಇಲ್ಲ. ಬರ್ಕಾಳ ಕೊರಳಿಗೆ ಹಗ್ಗ ಹಾಕಿ, ಮುಂದಿನ ಪೊದೆಯನ್ನೇ ನೋಡುತ್ತ ನಿಂತಿದ್ದಳು. ಅಲ್ಲಿಂದ ಇನ್ನೂ ಯಾವ ಮೊಲವೂ ಎದ್ದಿರಲಿಲ್ಲ. ನೆತ್ತರು ಮೆತ್ತಿದ ಅವಳ ತುಟಿ ಮಾತ್ರ ಆಗಲೇ ದೇವರ ಹೆಸರು ಹೇಳುತ್ತಿತ್ತು.